ಉತ್ತರ ತಿಳಿಯದವನು ಹಾಕಿದ ಒಗಟು

ಒಗಟು ಹಾಕುವವನಿಗೆ ಅದರ ಉತ್ತರ ಗೊತ್ತಿರಬೇಕೆಂಬುದು ಯಾವ ಶಾಸ್ತ್ರಗ್ರಂಥದಲ್ಲಿಯೂ ಬರೆದಿಟ್ಟ ನಿಯಮವಲ್ಲ. ಆದರೂ ಅಜ್ಜಿಯ ಮಗ್ಗುಲಲ್ಲಿ ಮಲಗಿ ಒಗಟು ಕೇಳುವ ಮಗುವಿಗೂ ಅದು ಗೊತ್ತು. ಅರ್ಧ ಗಂಟೆ ತಲೆ ಕೆರೆದುಕೊಂಡು, ಸೋತು, "ನೀನೇ ಹೇಳಜ್ಜಿ" ಎಂದು ಮಗು ಕೇಳಿದಾಗ ಅಜ್ಜಿಯು, "ನನಗೂ ತಿಳಿಯದು, ಸುಮ್ಮನೆ ನಾಲ್ಕು ಮಾತು ಜೋಡಿಸಿ ಹೇಳಿದೆ" ಎಂದುಬಿಟ್ಟರೆ ಮಗುವಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ನ್ಯಾಯವಾದುದೇ. ತಾನು ಹುಡುಕುತ್ತಿರುವ ದಾರಿಯಲ್ಲಿ ತನಗಿಂತ ಮೊದಲು ಒಬ್ಬರು ನಡೆದು ಹೋಗಿದ್ದಾರೆ, ದಾರಿಯ ಕೊನೆಗೆ ಒಂದು ಬಾಗಿಲಿದೆ ಎಂಬ ನಂಬಿಕೆಯ ಮೇಲೆಯೇ ಅದು ಅಷ್ಟು ಹೊತ್ತು ಯೋಚಿಸಿದ್ದಿತು.

ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಕಂಪ್ಯೂಟರಿನ ಒಗಟಿನಾಟಗಳನ್ನು ದುಡ್ಡು ಕೊಟ್ಟು ಕೊಂಡು ಆಡುವ ಪಶ್ಚಿಮ ದೇಶಗಳ ಜನ ಎಬ್ಬಿಸಿರುವ ಗದ್ದಲದ ತಿರುಳು ಇಷ್ಟೇ. ದೊಡ್ಡ ಕಂಪೆನಿಗಳ ಹಂಗಿಲ್ಲದೆ ಒಬ್ಬಿಬ್ಬರು ಕೂಡಿ ತಯಾರಿಸುವ ಆಟಗಳಿಗೆ 'ಇಂಡಿ' ಆಟಗಳೆಂದು ಹೆಸರು. ಈ ಹೆಸರಿನ ನೆರಳಿನಲ್ಲಿ, ಅಂಗಡಿಯಿಂದ ಸಿದ್ಧವಾಗಿ ತಂದ ಚಿತ್ರ, ಸಿದ್ಧವಾಗಿ ತಂದ ಸಂಗೀತ, ಸಿದ್ಧವಾಗಿ ತಂದ ಚೌಕಟ್ಟುಗಳನ್ನು ಹಾಗೆಹಾಗೆಯೇ ಅಂಟಿಸಿ, ತಿಂಗಳಿಗೊಂದೋ ವಾರಕ್ಕೊಂದೋ 'ಹೊಸ' ಆಟವನ್ನು ಮಾರುವ ಕಸುಬು ಬೆಳೆದಿದೆ ಎಂಬುದು ಅವರ ದೂರು. ಇದು ಹುಡುಗರ ಜಗಳ, ನಮಗೇಕೆ ಎಂದು ತಳ್ಳಿಬಿಡುವುದು ಸುಲಭ. ಆದರೆ ಈ ಜಗಳಕ್ಕೆ ನೂರನಲವತ್ತು ವರ್ಷಗಳಿಗೂ ಮೀರಿದ ಚರಿತ್ರೆಯುಂಟು. ಕೊಳ್ಳುವವನಿಗೂ ಮಾಡುವವನಿಗೂ ನಡುವಣ ನಂಬಿಕೆಯನ್ನು ಯಾರು ಕಾಯಬೇಕು ಎಂಬ ಪ್ರಶ್ನೆಯೂ ಅದರೊಳಗೆ ಅಡಗಿದೆ. ಆ ಪ್ರಶ್ನೆ ಆಟಕ್ಕಷ್ಟೇ ಸೇರಿದ್ದಲ್ಲ.

ಹದಿನೈದು ಬಿಲ್ಲೆಗಳ ಪೆಟ್ಟಿಗೆ

1880ರ ಮೊದಲ ತಿಂಗಳುಗಳಲ್ಲಿ ಅಮೆರಿಕದಲ್ಲಿ ಒಂದು ಹುಚ್ಚು ಹಬ್ಬಿತು. ಅಂಗೈಯಗಲದ ಒಂದು ಚೌಕ ಪೆಟ್ಟಿಗೆ. ಅದರಲ್ಲಿ ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ. 1ರಿಂದ 15ರವರೆಗೆ ಅಂಕಿ ಬರೆದ ಹದಿನೈದು ಮರದ ಬಿಲ್ಲೆಗಳು, ಹದಿನಾರನೆಯ ಮನೆ ಖಾಲಿ. ಬಿಲ್ಲೆಗಳನ್ನು ಎತ್ತುವಂತಿಲ್ಲ, ಖಾಲಿ ಮನೆಗೆ ಒಂದೊಂದನ್ನಾಗಿ ಸರಿಸುತ್ತ ಅಂಕಿಗಳನ್ನು ಕ್ರಮಕ್ಕೆ ತರಬೇಕು. ಹುಚ್ಚು ಅಟ್ಲಾಂಟಿಕ್ ಸಾಗರವನ್ನು ದಾಟಿ ಯುರೋಪಿಗೂ ಹೋಯಿತು. ಅತ್ಯಂತ ಹೆಸರುವಾಸಿಯಾದದ್ದು 14 ಮತ್ತು 15 ಮಾತ್ರ ಅದಲುಬದಲಾಗಿ ನಿಂತ ಜೋಡಣೆ. ಉಳಿದೆಲ್ಲವೂ ಸರಿಯಾಗಿದೆ, ಎರಡೇ ಎರಡು ಬಿಲ್ಲೆ ಜಾಗ ಬದಲಾಯಿಸಿದರೆ ಮುಗಿಯಿತು. ಆದರೆ ಅದು ಮುಗಿಯುವುದಿಲ್ಲ. ಎಷ್ಟು ಜನ್ಮ ಸರಿಸಿದರೂ ಮುಗಿಯುವುದಿಲ್ಲ.

ಏಕೆಂಬುದನ್ನು ಜಾನ್ಸನ್ ಮತ್ತು ಸ್ಟೋರಿ ಎಂಬ ಇಬ್ಬರು ಗಣಿತಜ್ಞರು 'ಅಮೆರಿಕನ್ ಜರ್ನಲ್ ಆಫ್ ಮ್ಯಾಥಮ್ಯಾಟಿಕ್ಸ್' ಪತ್ರಿಕೆಯ 1879ರ ಸಂಪುಟದಲ್ಲಿಯೇ ತೋರಿಸಿಕೊಟ್ಟರು. ಹದಿನೈದು ಬಿಲ್ಲೆಗಳನ್ನು ಜೋಡಿಸಬಹುದಾದ ಎಲ್ಲ ಬಗೆಗಳಲ್ಲಿ ಸರಿಯಾಗಿ ಅರ್ಧದಷ್ಟು ಮಾತ್ರ ಸರಿಸಾಟದಿಂದ ಕ್ರಮಕ್ಕೆ ಬರತಕ್ಕವು. ಉಳಿದರ್ಧ ಬರಲಾರವು. 14-15ರ ಜೋಡಣೆ ಈ ಎರಡನೆಯ ಅರ್ಧಕ್ಕೆ ಸೇರಿದ್ದು. ಇದಕ್ಕೆ 1,000 ಡಾಲರು ಬಹುಮಾನವೆಂಬ ಮಾತು ಸ್ಯಾಮ್ ಲಾಯ್ಡ್ ಎಂಬ ಹೆಸರಾಂತ ಒಗಟುಗಾರನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಬಹುಮಾನ ಎಂದಿಗೂ ಕೊಡಬೇಕಾಗಿ ಬರುತ್ತಿರಲಿಲ್ಲವೆಂಬುದು ಬಲ್ಲವರಿಗೆ ಗೊತ್ತಿತ್ತು.

ಲಾಯ್ಡ್ 1891ರಿಂದ ತೊಡಗಿ 1911ರಲ್ಲಿ ತೀರಿಕೊಳ್ಳುವವರೆಗೂ ಈ ಪೆಟ್ಟಿಗೆಯನ್ನು ಕಂಡುಹಿಡಿದವನು ತಾನೇ ಎಂದು ಹೇಳಿಕೊಂಡು ಬಂದ. ಜಗತ್ತು ಬಹುಕಾಲ ನಂಬಿತು. ಜೆರ್ರಿ ಸ್ಲೋಕಮ್ ಮತ್ತು ಡಿಕ್ ಸಾನೆವೆಲ್ಡ್ ಎಂಬ ಇಬ್ಬರು ಹಳೆಯ ಪತ್ರಿಕೆಗಳನ್ನೂ ಕಾಗದಪತ್ರಗಳನ್ನೂ ಶೋಧಿಸಿ 2006ರಲ್ಲಿ ಪ್ರಕಟಿಸಿದ ಪುಸ್ತಕವು ಬೇರೆಯ ಕಥೆಯನ್ನು ಹೇಳಿತು. ಪೆಟ್ಟಿಗೆಯ ಮೂಲಪುರುಷ ನ್ಯೂಯಾರ್ಕ್ ಸಂಸ್ಥಾನದ ಕನಸ್ಟೋಟ ಎಂಬ ಸಣ್ಣ ಊರಿನ ಪೋಸ್ಟ್‌ಮಾಸ್ಟರ್ ನಾಯ್ಸ್ ಚಾಪ್‌ಮನ್. ಆತ 1880ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಅದನ್ನು ಹೋಲುವ ಪೇಟೆಂಟೊಂದು 1878ರಲ್ಲಿಯೇ ಬೇರೊಬ್ಬನಿಗೆ ಸಂದಿದೆಯೆಂದು ಅರ್ಜಿ ತಿರಸ್ಕೃತವಾಯಿತು. ಆಟದ ಹುಚ್ಚಿನಲ್ಲಿ ಜಗತ್ತೇ ಮುಳುಗಿದ್ದಾಗ ಅದನ್ನು ಮಾಡಿದವನ ಕೈಗೆ ಹೆಸರೂ ಹತ್ತಲಿಲ್ಲ, ಹಕ್ಕೂ ದಕ್ಕಲಿಲ್ಲ.

ಲಾಯ್ಡನ ವಿಷಯದಲ್ಲಿ ಇನ್ನೊಬ್ಬರ ದೂರೂ ಇದ್ದಿತು. ಇಂಗ್ಲೆಂಡಿನ ಹೆನ್ರಿ ಡ್ಯೂಡನಿ (1857-1930) ಒಗಟಿನ ಕಲೆಯನ್ನು ಗಣಿತದ ಶುದ್ಧಿಗೆ ಏರಿಸಿದ ಮಹನೀಯ. ಇಬ್ಬರೂ ಕೆಲಕಾಲ ಪತ್ರವ್ಯವಹಾರ ಮಾಡಿಕೊಂಡು, ಲಂಡನ್ನಿನ 'ಟಿಟ್-ಬಿಟ್ಸ್' ವಾರಪತ್ರಿಕೆಯಲ್ಲಿ ಒಟ್ಟಿಗೆ ಕೆಲಸಮಾಡಿದರು. ತರುವಾಯ ತಾನು ಕಳುಹಿಸಿದ ಒಗಟುಗಳನ್ನು ಲಾಯ್ಡ್ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸುತ್ತಿದ್ದಾನೆಂದು ಡ್ಯೂಡನಿ ಆರೋಪಿಸಿ ಸ್ನೇಹವನ್ನು ಕಡಿದುಕೊಂಡ. ಇಂದಿನ ಆಟಗಾರರ ಜಗಳದ ಎರಡು ಎಳೆಗಳೂ ಇಲ್ಲಿಯೇ ಕಾಣುತ್ತವೆ. ಒಂದು, ಬಿಡಿಸಲಾಗದುದನ್ನು ಬಿಡಿಸಬಹುದಾದುದರಂತೆ ಮಾರುವುದು. ಎರಡು, ಇನ್ನೊಬ್ಬನ ಯೋಚನೆಯ ಮೇಲೆ ತನ್ನ ಮುದ್ರೆಯನ್ನು ಒತ್ತುವುದು.

ಕಡ ತಂದದ್ದು, ಕದ್ದದ್ದು

ಹಾಗಾದರೆ ಹಳೆಯದನ್ನು ಮತ್ತೆ ಬಳಸುವುದೇ ತಪ್ಪೇ? ಹಾಗೆಂದರೆ ನಮ್ಮ ಪಂಪನಿಂದ ಕುಮಾರವ್ಯಾಸನವರೆಗೆ ಯಾರೂ ಉಳಿಯುವುದಿಲ್ಲ. ಇಬ್ಬರೂ ವ್ಯಾಸರ ಕಣಜದಿಂದ ಅಳೆದುಕೊಂಡವರೇ. ಒಗಟಿನ ಚರಿತ್ರೆಯಲ್ಲಿಯೂ ಇಂಥ ಮರ್ಯಾದೆಯ ಸಾಲ ಬೇಕಾದಷ್ಟು ಇದೆ.

ಡ್ಯೂಡನಿಯ 1907ರ 'ದಿ ಕ್ಯಾಂಟರ್‌ಬರಿ ಪಜಲ್ಸ್' ಎಂಬ ಪುಸ್ತಕದಲ್ಲಿ ಮುರಿದ ಚದುರಂಗದ ಮಣೆಯನ್ನು ಕೂಡಿಸುವ ಒಗಟೊಂದಿದೆ. ಐದೈದು ಚೌಕಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿದ ಹನ್ನೆರಡು ತುಂಡು, ನಾಲ್ಕು ಚೌಕಗಳ ಒಂದು ತುಂಡು; ಒಟ್ಟು ಅರವತ್ನಾಲ್ಕು. 1953ರಲ್ಲಿ ಅಮೆರಿಕದ ಗಣಿತಜ್ಞ ಸಾಲೊಮನ್ ಗೋಲಂಬ್ ಆ ಹನ್ನೆರಡು ತುಂಡುಗಳಿಗೆ 'ಪೆಂಟೊಮಿನೊ' ಎಂಬ ಹೆಸರು ಕೊಟ್ಟು ಅವುಗಳ ಅಧ್ಯಯನವನ್ನೇ ಒಂದು ಶಾಖೆಯಾಗಿ ಬೆಳೆಸಿದ. ಅದೇ ತುಂಡುಗಳ ಪೆಟ್ಟಿಗೆಯನ್ನು ಮೆಚ್ಚಿಕೊಂಡಿದ್ದ ಅಲೆಕ್ಸಿ ಪಜಿಟ್ನಾಫ್, 1984ರಲ್ಲಿ ಮಾಸ್ಕೋ ನಗರದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕುಳಿತು ಐದನ್ನು ನಾಲ್ಕಕ್ಕಿಳಿಸಿ, ಏಳು ತುಂಡುಗಳು ಮೇಲಿನಿಂದ ಒಂದರ ಹಿಂದೊಂದು ಬೀಳುವಂತೆ ಮಾಡಿದ. ಇದೇ 'ಟೆಟ್ರಿಸ್'. ಅವನ 'ಎಲೆಕ್ಟ್ರಾನಿಕ 60' ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ. ಚೌಕಗಳ ಜಾಗದಲ್ಲಿ ಕಂಸಗಳನ್ನು ಮೂಡಿಸಿ ಆತ ಆಟವನ್ನು ನಡೆಸಿದ. ಬಣ್ಣವಿಲ್ಲ, ಸಂಗೀತವಿಲ್ಲ, ಅಲಂಕಾರವೆಂಬುದು ಲವಲೇಶವೂ ಇಲ್ಲ. ಆದರೂ ಮೊದಲ ದಿನದಿಂದ ಅದನ್ನು ಕಂಡವರು ಕೈ ಬಿಡದಾದರು.

ಜಪಾನಿನಲ್ಲಿ ಹಿರೊಯುಕಿ ಇಮಬಯಾಶಿ ಎಂಬಾತ ರೂಪಿಸಿ 1982ರಲ್ಲಿ ಹೊರತಂದ 'ಸೊಕೊಬಾನ್' ಇನ್ನೊಂದು ಉದಾಹರಣೆ. ಉಗ್ರಾಣದ ಆಳೊಬ್ಬ ಪೆಟ್ಟಿಗೆಗಳನ್ನು ತಳ್ಳಬಲ್ಲ, ಎಳೆಯಲಾರ. ಈ ಒಂದೇ ನಿಯಮದಿಂದ ಒಂದು ಸಂತತಿಯೇ ಬೆಳೆಯಿತು. ಫಿನ್ಲೆಂಡಿನ ಆರ್ವಿ ಟೈಕರಿ 2019ರಲ್ಲಿ ಹೊರತಂದ 'ಬಾಬಾ ಈಸ್ ಯೂ' ಎಂಬ ಆಟದಲ್ಲಿಯೂ ತಳ್ಳುವುದೇ ಕೆಲಸ. ಆದರೆ ಅಲ್ಲಿ ತಳ್ಳಬೇಕಾದದ್ದು ಆಟದ ನಿಯಮಗಳನ್ನು ಬರೆದ ಪದಗಳನ್ನೇ. ಪದ ಸರಿದರೆ ನಿಯಮ ಬದಲಾಗುತ್ತದೆ, ಗೋಡೆ ಗೋಡೆಯಾಗಿ ಉಳಿಯುವುದಿಲ್ಲ. ಚಿತ್ರಗಳು ಮಕ್ಕಳು ಗೀಚಿದಂತಿವೆ. ಯಾರೂ ದೂರಲಿಲ್ಲ. ಹಳೆಯ ನಿಯಮವನ್ನು ಕಡ ತಂದವನು ಬಡ್ಡಿ ಸಹಿತ ತೀರಿಸಿದ್ದ.

ಬಾಗಿಲು ಕಾಯುವವರು

ಇರಲಿ, ವ್ಯಾಪಾರದ ಕಡೆಗೆ ಬರೋಣ. ಮನೆಯ ಟೆಲಿವಿಜನ್ನಿಗೆ ಜೋಡಿಸಿ ಆಡುವ ಯಂತ್ರಗಳು ಅಮೆರಿಕದಲ್ಲಿ ಮನೆಮಾತಾದದ್ದು 1970ರ ದಶಕದ ಕೊನೆಗೆ. ಅಟಾರಿ ಎಂಬ ಕಂಪೆನಿಯ ಯಂತ್ರಕ್ಕೆ ಮೊದಮೊದಲು ಅಟಾರಿಯೇ ಆಟಗಳನ್ನು ಮಾಡುತ್ತಿತ್ತು. ತಮ್ಮ ಹೆಸರನ್ನು ಆಟದ ಡಬ್ಬಿಯ ಮೇಲೆ ಹಾಕದ ಕಂಪೆನಿಯ ಧೋರಣೆಯಿಂದ ಬೇಸತ್ತ ಕೆಲವು ನಿಪುಣರು ಹೊರಬಂದು 1979ರಲ್ಲಿ 'ಆಕ್ಟಿವಿಜನ್' ಕಟ್ಟಿದರು. ಅಟಾರಿ ನ್ಯಾಯಾಲಯಕ್ಕೆ ಹೋಯಿತು. 1982ರಲ್ಲಿ ರಾಜಿಯಾಗಿ, ಹೊರಗಿನವರೂ ಆಟ ಮಾಡಿ ಮಾರಬಹುದೆಂಬುದು ಖಚಿತವಾಯಿತು. ಬಾಗಿಲು ತೆರೆಯಿತು. ಒಳಗೆ ಬಂದವರಲ್ಲಿ ಕಲಾವಿದರೂ ಇದ್ದರು, ಲಾಭದ ವಾಸನೆ ಹಿಡಿದು ಬಂದವರೂ ಇದ್ದರು. ಅಂಗಡಿಗಳ ಕಪಾಟುಗಳಲ್ಲಿ ಒಂದರ ಪಡಿಯಚ್ಚಿನಂಥ ಇನ್ನೊಂದು ಆಟ ತುಂಬಿಹೋಯಿತು. ಕೊಂಡವರಿಗೆ ಡಬ್ಬಿ ಒಡೆಯುವವರೆಗೆ ಯಾವುದು ಹಾಲು, ಯಾವುದು ಸುಣ್ಣದ ನೀರು ಎಂದು ತಿಳಿಯುವ ಉಪಾಯವಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಎರಡು ಮೂರು ಸಲ ಸುಟ್ಟುಕೊಂಡ ಮೇಲೆ ಜನ ಕೊಳ್ಳುವುದನ್ನೇ ಬಿಟ್ಟರು. 1983ರಲ್ಲಿ ಮಾರುಕಟ್ಟೆ ಕುಸಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಕೊಳ್ಳುವವರ ನಂಬಿಕೆ ಹೋದದ್ದು ಮುಖ್ಯ ಕಾರಣಗಳಲ್ಲೊಂದೆಂಬುದನ್ನು ಅಲ್ಲಗಳೆಯುವಂತಿಲ್ಲ. ಮಾರಾಟವಾಗದೆ ಉಳಿದ ಆಟಗಳನ್ನು ಅಟಾರಿ ಅದೇ ವರ್ಷ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತುಹಾಕಿತು. 2014ರಲ್ಲಿ ಆ ಗುಂಡಿಯನ್ನು ಅಗೆದಾಗ ಅವು ನಿಜವಾಗಿಯೂ ಸಿಕ್ಕವು.

1985ರಲ್ಲಿ ಜಪಾನಿನ ನಿಂಟೆಂಡೊ ತನ್ನ ಯಂತ್ರವನ್ನು ಅಮೆರಿಕಕ್ಕೆ ತಂದಾಗ ಈ ಪಾಠವನ್ನು ಮರೆತಿರಲಿಲ್ಲ. ತಾನು ಒಪ್ಪದ ಆಟ ನಡೆಯದಂತೆ ಯಂತ್ರದೊಳಗೆ ಬೀಗದಂಥ ಒಂದು ಚಿಪ್ಪನ್ನು ಇಟ್ಟಿತು. ಒಪ್ಪಿದ ಆಟಗಳ ಮೇಲೆ ಗುಣಮಟ್ಟದ ಮುದ್ರೆ ಒತ್ತಿತು. ಒಬ್ಬ ಪ್ರಕಾಶಕ ವರ್ಷಕ್ಕೆ ಐದೇ ಆಟಗಳನ್ನು ತರಬಹುದೆಂದು ಕಟ್ಟು ಮಾಡಿತು. ಕಳಪೆ ಮಾಲು ತಗ್ಗಿತು. ಅದರ ಜೊತೆಯಲ್ಲಿ, ಹಣವೂ ವಶೀಲಿಯೂ ಇಲ್ಲದ ಜಾಣನಿಗೆ ಆ ಬಾಗಿಲು ಮುಚ್ಚಿಯೂ ಹೋಯಿತು. ಕಾವಲುಗಾರನನ್ನಿಟ್ಟರೆ ಕಳ್ಳನ ಜೊತೆ ನೆಂಟನೂ ಹೊರಗೆ ನಿಲ್ಲಬೇಕಾಗುತ್ತದೆ.

ಬಾಗಿಲು ಮತ್ತೆ ತೆರೆದದ್ದು ಈ ಶತಮಾನದಲ್ಲಿ. ವಾಲ್ವ್ ಎಂಬ ಅಮೆರಿಕದ ಕಂಪೆನಿ 2003ರಲ್ಲಿ 'ಸ್ಟೀಮ್' ಎಂಬ ಅಂತರಜಾಲದ ಆಟದಂಗಡಿಯನ್ನು ತೆರೆಯಿತು. 2005ರಲ್ಲಿ ಬಂದ 'ಯೂನಿಟಿ' ಎಂಬ ತಂತ್ರಾಂಶವು ಆಟ ಕಟ್ಟುವ ಕೆಲಸವನ್ನು ಒಬ್ಬೊಂಟಿಗನಿಗೂ ಸಾಧ್ಯವಾಗಿಸಿತು. 2010ರ ನವೆಂಬರಿನಲ್ಲಿ ಅದೇ ಯೂನಿಟಿಯವರು 'ಅಸೆಟ್ ಸ್ಟೋರ್' ಎಂಬ ಮಳಿಗೆಯನ್ನಿಟ್ಟರು. ಮರ, ಮನೆ, ಮನುಷ್ಯ, ಬಾಗಿಲ ಕಿರುಗುಟ್ಟುವ ಸದ್ದು, ಕಡೆಗೆ ಇಡೀ ಒಗಟಿನಾಟದ ಚೌಕಟ್ಟು ಕೂಡ ಅಲ್ಲಿ ಬೆಲೆಗೆ ದೊರೆಯುತ್ತದೆ; ಕೊಂಡವರು ತಮ್ಮ ಆಟದಲ್ಲಿ ಬಳಸಬಹುದು. ಇದರಲ್ಲಿ ಅಪರಾಧವೇನೂ ಇಲ್ಲ. ಮನೆ ಕಟ್ಟುವವನು ಇಟ್ಟಿಗೆಯನ್ನೂ ತಾನೇ ಸುಡಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ.

2012ರ ಆಗಸ್ಟಿನಲ್ಲಿ ಸ್ಟೀಮ್ 'ಗ್ರೀನ್‌ಲೈಟ್' ಎಂಬ ಪದ್ಧತಿಯನ್ನು ತಂದಿತು. ಯಾವ ಆಟ ಅಂಗಡಿಗೆ ಬರಬೇಕೆಂಬುದನ್ನು ಆಟಗಾರರೇ ಮತ ಹಾಕಿ ಹೇಳಲಿ ಎಂಬುದು ಉದ್ದೇಶ. ಚುನಾವಣೆ ಬಂದ ಮೇಲೆ ಚುನಾವಣೆಯ ದೋಷಗಳೂ ಬರಬೇಕಷ್ಟೆ. ಮತ ಕೊಟ್ಟವರಿಗೆ ಆಟ ಉಚಿತವೆಂದು ಸಾರಿ ಮತ ಗಿಟ್ಟಿಸುವವರು ಹುಟ್ಟಿಕೊಂಡರು.

ಮಗುಚಿ ಹಾಕಿದ ಆಟಗಳು

ಆಟಗಾರರ ದೂರು ಮೊಳೆತದ್ದು ಈ ಕಾಲದಲ್ಲಿ. ಅಸೆಟ್ ಸ್ಟೋರಿನ ಸಾಮಗ್ರಿಯನ್ನು ಕೊಂಡು, ಕೈಯಾಡಿಸದೆ, ಹೆಸರು ಬದಲಾಯಿಸಿ ಮಾರುವುದಕ್ಕೆ 'ಅಸೆಟ್ ಫ್ಲಿಪ್' ಎಂಬ ಹೆಸರು ಬಿತ್ತು. ಕಾವಲಿಯ ಮೇಲಿನ ದೋಸೆಯನ್ನು ಮಗುಚಿ ಹಾಕಿ ಇದು ಬೇರೆ ದೋಸೆ ಎಂದಂತೆ. ಈ ಮಾತನ್ನು ಪ್ರಚಾರಕ್ಕೆ ತಂದವರು ಬ್ರಿಟಿಷ್ ವಿಮರ್ಶಕ ಜಿಮ್ ಸ್ಟರ್ಲಿಂಗ್. ಈಗ ಜೇಮ್ಸ್ ಸ್ಟೆಫನಿ ಸ್ಟರ್ಲಿಂಗ್ ಎಂದು ಹೆಸರಿಟ್ಟುಕೊಂಡಿದ್ದಾರೆ.

ಎಲ್ಲ ಬಗೆಯ ಆಟಗಳಲ್ಲಿಯೂ ಈ ಕಸುಬು ನಡೆಯಿತಾದರೂ ಒಗಟಿನಾಟಕ್ಕೆ ಅದು ವಿಶೇಷವಾಗಿ ಹೊಂದಿಕೊಂಡಿತು. ಕಾರಣವೂ ಸ್ಪಷ್ಟ. ಚಿತ್ರವನ್ನು ತುಂಡು ಮಾಡಿ ಕೂಡಿಸುವ ಆಟವನ್ನು ಒಮ್ಮೆ ಬರೆದಿಟ್ಟರೆ ಆಯಿತು. ಬೆಕ್ಕಿನ ಚಿತ್ರ ಹಾಕಿದರೆ ಒಂದು ಆಟ, ಬೆಟ್ಟದ ಚಿತ್ರ ಹಾಕಿದರೆ ಇನ್ನೊಂದು ಆಟ. ಮೂರು ಹರಳುಗಳನ್ನು ಒಂದು ಸಾಲಿಗೆ ತರುವ ಆಟದಲ್ಲಿ ಹರಳನ್ನು ತೆಗೆದು ಹಣ್ಣು ಹಾಕಿದರೆ ಮತ್ತೊಂದು. ಗೋಡೆಗಳ ನಡುವೆ ದಾರಿ ಹುಡುಕುವ ಆಟದಲ್ಲಿ ಗೋಡೆಗಳನ್ನು ಯಂತ್ರವೇ ಚೆಲ್ಲಿಕೊಳ್ಳಲಿ ಎಂದು ಬಿಟ್ಟರೆ ನೂರು ಹಂತಗಳು ನಿಮಿಷದಲ್ಲಿ ತಯಾರು.

ಆಟಗಾರರ ಸಿಟ್ಟಿನ ಮರ್ಮ ತಿಳಿಯಬೇಕಾದರೆ ಮತ್ತೆ ಹದಿನೈದು ಬಿಲ್ಲೆಗಳ ಪೆಟ್ಟಿಗೆಗೆ ಹೋಗಬೇಕು. ಆ ಆಟವನ್ನು ಕಂಪ್ಯೂಟರಿಗೆ ತರುವವನು ಬಿಲ್ಲೆಗಳನ್ನು ಮನಸ್ಸಿಗೆ ಬಂದಂತೆ ಕಲಸುವ ಒಂದು ಸಾಲು ಬರೆದು ಕೈತೊಳೆದುಕೊಂಡನೆನ್ನಿ. 1879ರ ಲೆಕ್ಕದ ಪ್ರಕಾರ ಎರಡು ಸಲಕ್ಕೆ ಒಂದು ಸಲದಂತೆ ಬಿಡಿಸಲಾಗದ ಜೋಡಣೆಯೇ ಆಟಗಾರನ ಮುಂದೆ ಬಂದು ನಿಲ್ಲುತ್ತದೆ. ಇದನ್ನು ತಪ್ಪಿಸುವುದು ಕಷ್ಟವಲ್ಲ. ಕ್ರಮದಲ್ಲಿರುವ ಬಿಲ್ಲೆಗಳನ್ನು ನಿಯಮದಂತೆಯೇ ಸರಿಸಿ ಸರಿಸಿ ಕಲಸಿದರೆ ಸಾಕು. ಬಂದ ದಾರಿಯಲ್ಲಿ ಹಿಂತಿರುಗಬಹುದಾದ್ದರಿಂದ ಉತ್ತರ ಇದ್ದೇ ಇರುತ್ತದೆ. ಮಾಡುವವನು ಒಮ್ಮೆ ತಾನೇ ಕುಳಿತು ಆಡಿದ್ದರೆ, ಒಂದು ಗಳಿಗೆ ಯೋಚಿಸಿದ್ದರೆ ಹೊಳೆಯತಕ್ಕ ವಿಷಯ. ಆಟಗಾರನಾದರೋ ತನ್ನ ಬುದ್ಧಿಯನ್ನು ಹಳಿದುಕೊಳ್ಳುತ್ತ ರಾತ್ರಿಯೆಲ್ಲ ಸರಿಸುತ್ತಾನೆ. ಕೊಟ್ಟ ಎರಡು ಡಾಲರು ದೊಡ್ಡದಲ್ಲ; ಇಲ್ಲದ ಉತ್ತರಕ್ಕಾಗಿ ತನ್ನನ್ನೇ ಸಂಶಯಿಸಿಕೊಂಡ ಆ ರಾತ್ರಿ ಹಿಂತಿರುಗಿ ಬರುವುದಿಲ್ಲ. ಉತ್ತರಪತ್ರಿಕೆಗಳನ್ನು ತಿದ್ದುವ ನಮ್ಮಂಥ ಮೇಷ್ಟರುಗಳಿಗೆ ಇದರ ತದ್ರೂಪು ಪರಿಚಿತವೇ. ಗೈಡಿನಿಂದ ಎತ್ತಿಬರೆದ ಉತ್ತರದಲ್ಲಿ ನಮ್ಮನ್ನು ನೋಯಿಸುವುದು ಮಾತು ಹಳೆಯದೆಂಬುದಲ್ಲ. ಅದನ್ನು ಬರೆದವನೇ ಓದಿಲ್ಲವೆಂಬುದು.

ಈ ಕಸುಬು ತನ್ನ ತುತ್ತತುದಿಯನ್ನು ಮುಟ್ಟಿದ ಬಗೆ ವಿಚಿತ್ರವಾಗಿದೆ. 2013ರಿಂದ ಸ್ಟೀಮ್ ಅಂಗಡಿಯಲ್ಲಿ, ಆಟ ಆಡಿದವರಿಗೆ ಚಿತ್ರಪಟದ ಕಾರ್ಡುಗಳು ಸಿಗುತ್ತಿದ್ದವು. ಅವನ್ನು ಕೆಲವು ಸೆಂಟುಗಳಿಗೆ ಮಾರಬಹುದು. ಮಾರಿದ ಹಣದಲ್ಲಿ ಆಟ ಮಾಡಿದವನಿಗೂ ಪಾಲುಂಟು. ಕೆಲವರು ಹೇಗೋ ಒಂದು ಆಟವನ್ನು ಒಳಗೆ ತೂರಿಸಿ, ಸಾವಿರಾರು ನಕಲಿ ಖಾತೆಗಳಿಗೆ ಅದನ್ನು ಹಂಚಿ, ಯಂತ್ರಗಳೇ ಅದನ್ನು 'ಆಡುವಂತೆ' ಮಾಡಿ ಕಾರ್ಡುಗಳನ್ನು ಕೊಯ್ದುಕೊಂಡರು. ವಾಲ್ವ್ ತಾನೇ 2017ರ ಮೇ ತಿಂಗಳಲ್ಲಿ ಇದನ್ನು ವಿವರಿಸಿ, ನಿಜವಾದ ಜನ ಆಡುತ್ತಿದ್ದಾರೆಂದು ಖಚಿತವಾಗುವವರೆಗೆ ಕಾರ್ಡುಗಳನ್ನು ಕೊಡುವುದಿಲ್ಲವೆಂದು ನಿಯಮ ಮಾಡಿತು. ಮಾಡುವವನು ಯೋಚಿಸದ, ಆಡುವವನೇ ಇಲ್ಲದ ಆಟ! ಉತ್ತರ ತಿಳಿಯದವನು ಯಾರೂ ಇಲ್ಲದ ಕೋಣೆಯಲ್ಲಿ ಒಗಟು ಹಾಕಿ ದುಡ್ಡು ಎಣಿಸಿಕೊಂಡನೆಂದ ಮೇಲೆ ಇನ್ನು ಹೇಳುವುದೇನು?

ದೂರಿಗೆ ಬಂದ ಬೆಲೆ

1983ರ ಕೊಳ್ಳುಗನಿಗೆ ಇಲ್ಲದ ಎರಡು ಅನುಕೂಲಗಳು ಈ ಕಾಲದವನಿಗೆ ದೊರೆತವು. 2013ರ ನವೆಂಬರಿನಲ್ಲಿ ಸ್ಟೀಮ್ ಆಟ ಕೊಂಡವರ ವಿಮರ್ಶೆಗಳನ್ನು ಅಂಗಡಿಯ ಪುಟದಲ್ಲಿಯೇ ಪ್ರಕಟಿಸತೊಡಗಿತು. 2015ರ ಜೂನಿನಲ್ಲಿ ಹಣ ಹಿಂದಿರುಗಿಸುವ ಪದ್ಧತಿ ಬಂತು: ಕೊಂಡು 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಮೆ ಆಡಿದ್ದರೆ, ಕಾರಣ ಏನೇ ಇರಲಿ, ಹಣ ವಾಪಸು. ದೂರಿಗೆ ಅದುವರೆಗೆ ಬಾಯಿ ಮಾತ್ರ ಇದ್ದಿತು. ಈಗ ಕೈಯೂ ಬಂದಿತು.

ಬಾಯಿ ಮುಚ್ಚಿಸುವ ಪ್ರಯತ್ನಗಳೂ ನಡೆದವು. ತನ್ನ ಆಟಗಳನ್ನು ಟೀಕಿಸಿದ ಸ್ಟರ್ಲಿಂಗ್ ಅವರ ಮೇಲೆ 'ಡಿಜಿಟಲ್ ಹೋಮಿಸೈಡ್' ಎಂಬ ಸಣ್ಣ ಸಂಸ್ಥೆಯ ಪರವಾಗಿ 2016ರ ಮಾರ್ಚಿಯಲ್ಲಿ ಅಮೆರಿಕದ ಅರಿಜೋನಾ ಪ್ರಾಂತದ ನ್ಯಾಯಾಲಯದಲ್ಲಿ ಒಂದು ಕೋಟಿ ಡಾಲರಿಗೂ ಮೀರಿದ ಪರಿಹಾರ ಕೇಳಿ ಮೊಕದ್ದಮೆ ದಾಖಲಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೆಸರು ತಿಳಿಯದ ನೂರು ಮಂದಿ ಆಟಗಾರರ ಮೇಲೆಯೂ 1 ಕೋಟಿ 80 ಲಕ್ಷ ಡಾಲರಿಗೆ ಇನ್ನೊಂದು ಮೊಕದ್ದಮೆ. ಒಗಟು ಚೆನ್ನಾಗಿಲ್ಲವೆಂದವರನ್ನು ಕಟಕಟೆಗೆ ಎಳೆದ ಪ್ರಸಂಗ ಲಾಯ್ಡನ ಕಾಲದಲ್ಲಿಯೂ ಕೇಳಿದ್ದಲ್ಲ. ವಾಲ್ವ್ ಆ ಸಂಸ್ಥೆಯ ಆಟಗಳೆಲ್ಲವನ್ನೂ ತನ್ನ ಅಂಗಡಿಯಿಂದ ತೆಗೆದುಹಾಕಿತು. ಸ್ಟರ್ಲಿಂಗ್ ಅವರ ಮೇಲಿನ ಮೊಕದ್ದಮೆ 2017ರ ಫೆಬ್ರವರಿಯಲ್ಲಿ, ಮತ್ತೆ ಹೂಡುವಂತಿಲ್ಲವೆಂಬ ಷರತ್ತಿನೊಂದಿಗೆ ವಜಾ ಆಯಿತು. ಕೊಂಡವನಿಗೆ ಅಭಿಪ್ರಾಯ ಹೇಳುವ ಅಧಿಕಾರವಿದೆಯೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೆಂದೇ ಆಟಗಾರರು ಅದನ್ನು ಸ್ವೀಕರಿಸಿದರು.

2017ರ ಜೂನಿನಲ್ಲಿ ಗ್ರೀನ್‌ಲೈಟ್ ಮುಚ್ಚಿ 'ಸ್ಟೀಮ್ ಡೈರೆಕ್ಟ್' ಬಂತು: ಪ್ರತಿಯೊಂದು ಆಟಕ್ಕೂ 100 ಡಾಲರು ಶುಲ್ಕ, ಆಟ 1,000 ಡಾಲರು ಸಂಪಾದಿಸಿದರೆ ಅದು ವಾಪಸು. ಅದೇ ಸೆಪ್ಟೆಂಬರಿನಲ್ಲಿ, ಬೇರೆ ಬೇರೆ ಹೆಸರುಗಳಲ್ಲಿ ಒಂದನ್ನೊಂದು ಹೋಲುವ ಆಟಗಳನ್ನು ರಾಶಿ ಹಾಕುತ್ತಿದ್ದ 'ಸಿಲಿಕಾನ್ ಎಕೋ' ಎಂಬ ಸಂಸ್ಥೆಯ 173 ಆಟಗಳನ್ನು ವಾಲ್ವ್ ಒಮ್ಮೆಲೇ ತೆಗೆದುಹಾಕಿತು. ಆದರೂ ಪ್ರವಾಹ ನಿಲ್ಲಲಿಲ್ಲ. 2013ರಲ್ಲಿ ಕೆಲವು ನೂರು ಆಟಗಳು ಬಂದ ಅಂಗಡಿಗೆ 2024ರಲ್ಲಿ 18,000ಕ್ಕೂ ಮೀರಿ ಬಂದವು.

ದೂರಿನ ಮಿತಿ

ಆಟಗಾರರ ದೂರು ಯಾವಾಗಲೂ ನ್ಯಾಯವಾಗಿತ್ತೆಂದು ಹೇಳಿದರೆ ಚರಿತ್ರೆಗೆ ಅಪಚಾರವಾದೀತು. 2018ರಲ್ಲಿ, ನಮ್ಮ ಹುಡುಗರಿಗೂ ಚಿರಪರಿಚಿತವಾದ 'ಪಬ್‌ಜಿ' ಆಟವನ್ನು ಕೆಲವರು ಅಸೆಟ್ ಫ್ಲಿಪ್ ಎಂದು ಹಳಿದರು. ಅದರಲ್ಲಿ ಅಂಗಡಿಯಿಂದ ಕೊಂಡ ಸಾಮಗ್ರಿ ಇದ್ದುದೇ ಕಾರಣ. ಅದೇ ನ್ಯಾಯವನ್ನು ಹಿಂದಕ್ಕೆ ಹಚ್ಚಿದರೆ 2007ರ 'ಪೋರ್ಟಲ್' ಉಳಿಯುವುದಿಲ್ಲ. ಒಗಟಿನಾಟಗಳ ಇತಿಹಾಸದಲ್ಲಿ ಮೇಲ್ಪಂಕ್ತಿಯದೆಂದು ಎಲ್ಲರೂ ಒಪ್ಪುವ ಆ ಆಟವನ್ನು ಒಂದು ಸಣ್ಣ ತಂಡ, ವಾಲ್ವಿನ ಹಿಂದಿನ ಆಟ 'ಹಾಫ್-ಲೈಫ್ 2'ರ ಯಂತ್ರಾಂಗವನ್ನೂ ಸಾಮಗ್ರಿಯನ್ನೂ ಬಳಸಿಕೊಂಡೇ ಕಟ್ಟಿತು. ನಿಂಟೆಂಡೊ 2000ದಲ್ಲಿ ತಂದ 'ಮಜೋರಾಸ್ ಮಾಸ್ಕ್' ಕೂಡ 1998ರ ತನ್ನದೇ ಆಟವೊಂದರ ಪಾತ್ರಗಳನ್ನು ಮರಳಿ ತೊಡಿಸಿ ಸುಮಾರು ಒಂದು ವರ್ಷದಲ್ಲಿ ಮುಗಿಸಿದ ಕೃತಿ. ಅವೆರಡರಲ್ಲಿಯೂ ಇಟ್ಟಿಗೆ ಹಳೆಯದು, ಮನೆ ಹೊಸದು. ಚಿತ್ರ ಬರೆಯಲು ಬಾರದ, ಚಿತ್ರಕಾರನನ್ನಿಟ್ಟುಕೊಳ್ಳಲು ಹಣವಿಲ್ಲದ, ಆದರೆ ತಲೆಯಲ್ಲಿ ಒಂದು ಒಳ್ಳೆಯ ಒಗಟಿರುವ ಹುಡುಗನಿಗೆ ಅಂಗಡಿಯ ಇಟ್ಟಿಗೆಯೇ ಗತಿ. ಹೊರಗಿನ ಚಿತ್ರವನ್ನು ಕಂಡಾಕ್ಷಣ ಅವನನ್ನು ಹೀಗಳೆದರೆ ಅನ್ಯಾಯ. ಎರಡು ಗಂಟೆಯ ನಿಯಮವೂ ಅಲಗಿನ ಕತ್ತಿಯೇ. ಒಂದೂವರೆ ಗಂಟೆಯಲ್ಲಿ ಮುಗಿಯುವ ಅಚ್ಚುಕಟ್ಟಾದ ಒಗಟನ್ನು ಪೂರ್ತಿ ಸವಿದು ಹಣ ಹಿಂದಕ್ಕೆ ಪಡೆಯಲು ಅಡ್ಡಿಯಿಲ್ಲ.

ಇದಕ್ಕೆ ವಿರುದ್ಧವಾಗಿ, ಚಿತ್ರವನ್ನು ಮುಟ್ಟದೆ ಯೋಚನೆಯನ್ನಷ್ಟೇ ಎತ್ತಿಕೊಂಡು ಹೋಗುವುದೂ ಉಂಟು. 2014ರ ಫೆಬ್ರವರಿಯಲ್ಲಿ ಬಂದ 'ಥ್ರೀಸ್' ಎಂಬ ಅಂಕಿಯಾಟವನ್ನು ಅದರ ಕರ್ತೃಗಳು 14 ತಿಂಗಳು ತಿದ್ದಿದ್ದರು. ಒಂದು ತಿಂಗಳು ತುಂಬುವ ಮೊದಲೇ '1024' ಎಂಬ ಅನುಕರಣೆ ಬಂತು. ಅದನ್ನು ನೋಡಿ ಇಟಲಿಯ 19 ವರ್ಷದ ಗೇಬ್ರಿಯೆಲೆ ಚಿರುಲ್ಲಿ ಎಂಬ ತರುಣ ಒಂದು ವಾರಾಂತ್ಯದಲ್ಲಿ ಬರೆದು ಮಾರ್ಚಿಯಲ್ಲಿ ಉಚಿತವಾಗಿ ಹಂಚಿದ '2048' ಜಗತ್ತನ್ನೆಲ್ಲ ವ್ಯಾಪಿಸಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಚಿರುಲ್ಲಿ ಹಣಕ್ಕಾಗಿ ಮಾಡಿದವನಲ್ಲ. ಹಾಗಿದ್ದರೂ ಮೂಲದವರಿಗೆ ನೋವಾಯಿತು. ಅವರು ತಮ್ಮ ತಮ್ಮೊಳಗೆ ಬರೆದುಕೊಂಡ ಕಾಗದಗಳನ್ನೆಲ್ಲ ಪ್ರಕಟಿಸಿ, ಆ ಸರಳತೆಯ ಹಿಂದೆ ಎಷ್ಟು ತಪ್ಪುದಾರಿಗಳನ್ನು ತುಳಿದಿದ್ದೆವೆಂದು ತೋರಿಸಿದರು. ಕಾನೂನು ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. 2012ರಲ್ಲಿ ಟೆಟ್ರಿಸಿನ ಒಂದು ನಕಲಿನ ವಿಷಯದಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯವು ಮೂಲದವರ ಪರವಾಗಿ ತೀರ್ಪು ಕೊಟ್ಟಿತು. ಆದರೆ ಕಾನೂನು ಕಾಯುವುದು ಆಟದ ರೂಪವನ್ನು. ಅದರ ನಿಯಮವನ್ನಲ್ಲ ಎಂಬುದನ್ನೂ ಅಲ್ಲಿಯೇ ಹೇಳಿತು.

ಹೀಗೆ ನಿಂಟೆಂಡೊದ ಬೀಗ, ನ್ಯಾಯಾಲಯದ ತೀರ್ಪು, ಅಂಗಡಿಯ ಶುಲ್ಕ ಇವೆಲ್ಲವೂ ಕಾವಲಿಗೆ ನಿಂತು ನೋಡಿದವು. ಒಂದೊಂದರಲ್ಲಿಯೂ ಒಂದೊಂದು ಕಂಡಿ ಉಳಿಯಿತು. ಬೀಗವು ಬಡವನನ್ನು ಹೊರಗಿಟ್ಟಿತು. ತೀರ್ಪು ರೂಪವನ್ನು ಮಾತ್ರ ನೋಡಿತು. ನೂರು ಡಾಲರಿನ ಶುಲ್ಕ ಬಡ ದೇಶದ ವಿದ್ಯಾರ್ಥಿಗೆ ಭಾರವಾಗಿ, ಆಟವನ್ನು ರಾಶಿ ಹಾಕುವವನಿಗೆ ಹಗುರವಾಯಿತು. ಕಂಡಿಯಲ್ಲಿ ಕೈಹಾಕಿ ಒಳಗೇನಿದೆ ಎಂದು ನೋಡಿ ಹೇಳಬಲ್ಲವನು ಆಡುವವನೊಬ್ಬನೇ. ಒಗಟಿನೊಳಗೆ ಯೋಚನೆ ಇದೆಯೋ ಇಲ್ಲವೋ ಎಂಬುದು ಹೊರಗಿನ ಚಿತ್ರವನ್ನು ಕಂಡು ತಿಳಿಯತಕ್ಕದ್ದಲ್ಲ, ಆಡಿಯೇ ತಿಳಿಯಬೇಕು. ಆದ್ದರಿಂದ ಅವನ ದೂರಿಗೆ ಬೆಲೆಯುಂಟು. ಅದೇ ಕಾರಣದಿಂದ ಆಡದೆ ದೂರುವವನ ಮಾತಿಗೂ ಯೋಚಿಸದೆ ಮಾಡಿದವನ ಆಟಕ್ಕೂ ಸಮನಾದ ಬೆಲೆ.

ಈಗ ಚಿತ್ರಗಳನ್ನು ಅಂಗಡಿಯಿಂದ ತರಬೇಕಾದ ಅಗತ್ಯವೂ ಇಲ್ಲ. ಕೃತಕ ಬುದ್ಧಿಯ ಯಂತ್ರಕ್ಕೆ ಹೇಳಿದರೆ ಗಳಿಗೆಗೆ ಹತ್ತು ಬರೆದುಕೊಡುತ್ತದೆ. 2024ರ ಜನವರಿಯಿಂದ ಸ್ಟೀಮ್, ಆಟದಲ್ಲಿ ಅಂಥ ಯಂತ್ರದ ಕೈವಾಡ ಎಷ್ಟಿದೆಯೆಂಬುದನ್ನು ಮಾಡಿದವರೇ ತಿಳಿಸಬೇಕೆಂದು ವಿಧಿಸಿದೆ. ಮುಂದೆ ಒಗಟುಗಳನ್ನೂ ಯಂತ್ರಗಳೇ ಹೆಣೆಯುವ ಕಾಲ ಬರಬಹುದು. ಬರಲಿ. ಪಜಿಟ್ನಾಫನ ಬರಿಯ ಕಂಸಗಳಲ್ಲಿ ಜನ ಗುರುತಿಸಿದ್ದನ್ನು ಎಷ್ಟು ಬಣ್ಣ ಬಳಿದ ಪೆಟ್ಟಿಗೆಯಲ್ಲಿಯೂ ಅವರು ಹುಡುಕಿಯೇ ಹುಡುಕುತ್ತಾರೆ. ಸಿಕ್ಕದಿದ್ದರೆ ಕೇಳುತ್ತಾರೆ. ಒಗಟು ಹಾಕಿದವನು ಆಗ ಉತ್ತರ ಹೇಳಲು ಸಿದ್ಧನಾಗಿರಬೇಕು.